ಭಾಗಮ್ಮ ಹೊಲಿದ ಕಿಟಕಿಯಿಲ್ಲದ ಹುಡ್

ಬೆಳಗಿನ ರೈಲು ಇನ್ನೂ ಬಂದಿಲ್ಲ. ಅಜ್ಜಂಪುರದ ಬೀರೂರು ರಸ್ತೆಯ ಬದಿಯಲ್ಲಿ, ಬೀಗ ಜಡಿದ ಹಳೇ ಗೋಡೌನಿನ ಕಟ್ಟೆಯ ಮೇಲೆ ನೀಲಿ ಟಾರ್ಪಾಲೊಂದು ಉದ್ದಕ್ಕೂ ಹಾಸಿದೆ. ಅದರ ನಟ್ಟನಡುವೆ ಕಾಲು ಚಾಚಿ ಕೂತಿರುವ ಹೆಂಗಸು ದಬ್ಬಣವನ್ನು ತಲೆಗೂದಲಿಗೊಮ್ಮೆ ಸವರಿ, ಆ ಎಣ್ಣೆಯ ಜಾರಿನಲ್ಲೇ ಎರಡು ಪದರದೊಳಕ್ಕೆ ತೂರಿಸುತ್ತಾರೆ. ತೂರಿಸುವಾಗ ತುಟಿ ಕಚ್ಚುತ್ತಾರೆ, ಎಳೆಯುವಾಗ ಬಿಡುತ್ತಾರೆ. ಇವರು ಭಾಗಮ್ಮ. ಅಜ್ಜಂಪುರ, ಕಡೂರು, ತರೀಕೆರೆ ನಡುವೆ ಓಡಾಡುವ ಪಿಕಪ್ ಗಾಡಿಗಳ ಬೆನ್ನ ಮೇಲೆ ಗಾಳಿಗೆ ಪಟಪಟ ಅನ್ನುವ ಹೊದಿಕೆಗಳಲ್ಲಿ ಎಷ್ಟೋ ಇವರ ಕೈಯಿಂದಲೇ ಹೋದವು. ಗಾಡಿಯ ಮುಂದೆ ಓನರ್ ಹೆಸರಿರುತ್ತದೆ, ಹಿಂದೆ ಮಕ್ಕಳ ಹೆಸರಿರುತ್ತದೆ, ದೇವರ ಹೆಸರಂತೂ ಇದ್ದೇ ಇರುತ್ತದೆ. ಹೊಲಿದವಳ ಹೆಸರು ಎಲ್ಲಿ ಬರೆಯುತ್ತಾರೆ, ಬಿಡಿ.

ಸೂರ್ಯ ಮೂಡುವ ಹೊತ್ತಿಗೇ ಗಿರಾಕಿ ಬಂದಾಯಿತು. ದೇವನೂರಿನ ಹನುಮಂತಪ್ಪ, ಸೆಕೆಂಡ್‌ಹ್ಯಾಂಡ್ ಪಿಕಪ್ ತಗೊಂಡು ಮೀಸೆ ತಿರುವಿಕೊಂಡು ಇಳಿಯುತ್ತಾನೆ.

"ಮಿಲ್ಟ್ರಿ ಕಲರ್ ಹಾಕ್ಬಿಡು ಭಾಗಕ್ಕ. ದೂರದಿಂದ್ಲೇ ಗತ್ತು ಕಾಣ್ಬೇಕು."

"ಗತ್ತು ಆಮ್ಯಾಕೆ. ಏನ್ ಹೇರ್ತೀಯ ಅದ್ನ ಹೇಳಪ್ಪ ಮೊದ್ಲು."

"ಎಲ್ಲಾನೂವೆ. ಈರುಳ್ಳಿ, ತೆಂಗಿನ್ಕಾಯಿ, ಕುರಿ ಸಿಕ್ರೆ ಕುರಿ."

"ಕುರೀಗೂ ಈರುಳ್ಳಿಗೂ ಒಂದೇ ಬಟ್ಟೆನಾ? ಪ್ಲಾಸ್ಟಿಕ್ ಬಿಗ್ದ್ರೆ ಈರುಳ್ಳಿ ಬೆವರ್ತೈತೆ. ಕುರೀಗೆ ಉಸ್ರು ಬ್ಯಾಡ್ವಾ? ದಪ್ಪ ಬಟ್ಟೆದೊಂದು ಹೊಲಿಸ್ಕೊ, ಎರಡೂ ಮಗ್ಗುಲು ಸುತ್ತಿ ಮ್ಯಾಲಕ್ಕೆ ಕಟ್ಟಂಗೆ ಮಾಡ್ಕೊಡ್ತೀನಿ. ಕುರೀಗೆ ಬಲೆ ತಗೊ."

ಹನುಮಂತಪ್ಪ ಗೊಣಗುತ್ತಾನೆ, ಗಾಡಿ ಸುತ್ತ ಒಂದು ಸುತ್ತು ಬರುತ್ತಾನೆ, ಮೊಬೈಲಿನಲ್ಲಿ ಯಾವುದೋ ರೆಡಿಮೇಡ್ ಹೊದಿಕೆಯ ಫೋಟೊ ತೋರಿಸುತ್ತಾನೆ. ಕಡೆಗೆ ಒಪ್ಪಿ ಅಳತೆ ಕೊಡುತ್ತಾನೆ. ಬಣ್ಣ ಮಾತ್ರ ಮಿಲ್ಟ್ರಿಯದೇ ಆಗಬೇಕಂತೆ. ಆಗಲಿ ಬಿಡು ಅಂತ ಭಾಗಮ್ಮ ನಗುತ್ತಾರೆ.

ಎಲ್ಲ ಗಿರಾಕಿಗಳೂ ಇಷ್ಟು ಸಲೀಸಲ್ಲ. ಹೊಲಿಗೆ ಮುಗಿದ ಮೇಲೆ ಹೊದಿಕೆಯನ್ನು ಕಟ್ಟೆಯ ಮೇಲಿಂದ ತಾವೇ ಎತ್ತಿಕೊಂಡು, ಗಾಡಿಗೆ ಹಾಕುವ ಮುಂಚೆ ಬಾಟಲಿ ನೀರು ಚಿಮುಕಿಸುವವರು ಈಗಲೂ ಇದ್ದಾರೆ. ಭಾಗಮ್ಮನ ಜಾತಿ ಇಲ್ಲಿ ಯಾರಿಗೂ ಗೊತ್ತಿಲ್ಲದ್ದಲ್ಲ. ಹೊಲಿಯುವಾಗ ಅವರ ಮಡಿಲಲ್ಲೇ ಬಿದ್ದಿದ್ದ ಬಟ್ಟೆ, ಗಾಡಿ ಏರುವಾಗ ಶುದ್ಧವಾಗಬೇಕು. ಬೇಜಾರಾಗುವುದಿಲ್ಲವೇ ಅಂದರೆ, "ಚಿಮುಕಿಸ್ಲಿ ಕಣ್ರೀ. ಸೋರ್ತೈತಾ ಇಲ್ವಾ ಅಂತ ಟೆಸ್ಟ್ ಆದಂಗಾಯ್ತು," ಅನ್ನುತ್ತಾರೆ. ನಗುತ್ತಲೇ ಅನ್ನುತ್ತಾರೆ, ಆದರೆ ಆ ನಗು ಕಣ್ಣಿನವರೆಗೆ ಹೋಗುವುದಿಲ್ಲ.

ಅಂತರಘಟ್ಟೆಯ ಮಗ್ಗುಲಿನ ಹಳ್ಳಿಯವರು ಭಾಗಮ್ಮ. ಮದುವೆಯಾಗಿ ಅಜ್ಜಂಪುರಕ್ಕೆ ಬಂದಾಗ ಗಂಡ ಗಿರಿಯಪ್ಪ ಇದೇ ಗೋಡೌನಿನಲ್ಲಿ ಹಮಾಲಿ. ಮೂಟೆ ಹೊತ್ತೂ ಹೊತ್ತೂ ಸೊಂಟ ಹೋಯಿತು. ಮಾಲೀಕರು ಬಾಗಿಲು ಮುಚ್ಚಿಕೊಂಡು ಹೋಗುವಾಗ ಗಿರಿಯಪ್ಪನಿಗೆ ಸಿಕ್ಕಿದ್ದು ಚೀಲದ ಬಾಯಿ ಹೊಲಿಯುವ ಒಂದು ಕೈಮಿಷನ್ನು, ಅದೂ ಗುಜರಿಗೆ ಹಾಕಿದ್ದು. ಅವರು ಅದನ್ನು ಬಿಚ್ಚಿ, ತೊಳೆದು, ಓಡುವಂತೆ ಮಾಡಿದರು. ಭಾಗಮ್ಮ ಮೊದಮೊದಲು ಕಾಳಿನ ವ್ಯಾಪಾರಿಗಳ ಹರಕು ಟಾರ್ಪಾಲಿಗೆ ತೇಪೆ ಹಾಕುತ್ತಿದ್ದರು. ಲಾರಿಗಳು ಕಮ್ಮಿಯಾಗಿ ಪಿಕಪ್ಪುಗಳು ಹೆಚ್ಚಾದವು, ತೇಪೆಯಿಂದ ಹೊದಿಕೆಗೆ ಬಂದರು. ಈಗ ಗಿರಿಯಪ್ಪ ಕೂತಲ್ಲೇ ಅಂಚಿಗೆ ಹಗ್ಗ ತೂರಿಸುವ ರಿಂಗು ಬಡಿಯುತ್ತಾರೆ, ಹೊಲಿಗೆಯೆಲ್ಲ ಭಾಗಮ್ಮನದು.

ಸುಖದ ಕೆಲಸ ಅಂದುಕೊಳ್ಳಬೇಡಿ. ಬೇಸಿಗೆಯಲ್ಲಿ ಟಾರ್ಪಾಲು ಕಾದ ಹೆಂಚಿನಂತೆ ತೊಡೆ ಸುಡುತ್ತದೆ, ಅದರ ವಾಸನೆಗೆ ಮಧ್ಯಾಹ್ನದ ಊಟ ಸೇರುವುದಿಲ್ಲ. ಇಡೀ ದಿನ ಬಗ್ಗಿದರೆ ಒಂದು ಹೊದಿಕೆ ಮುಗಿಯುತ್ತದೆ, ಗಾಡಿಯ ಕಬ್ಬಿಣದ ಕಮಾನಿನ ಮೇಲೆ ಹೊದಿಸುವ ದೊಡ್ಡದಾದರೆ ಮೂರು ದಿನ ಹಿಡಿಯುತ್ತದೆ. ಕಮಾನಿನ ಮೇಲೆ ಗೂಡಿನ ಹಾಗೆ ನಿಲ್ಲುವ ಈ ಹೊದಿಕೆಗೆ ಇಲ್ಲಿ ಎಲ್ಲರೂ ಹುಡ್ ಅನ್ನುತ್ತಾರೆ. ಭಾಗಮ್ಮ ಹುಡ್ ಹೊಲಿಯುವುದನ್ನೇ ಬಿಟ್ಟಿದ್ದಾರೆ. ಯಾಕೆ ಅಂತ ಕೇಳಿದರೆ ದಬ್ಬಣ ಹಿಡಿದ ಕೈ ಅರೆಕ್ಷಣ ನಿಧಾನವಾಗುತ್ತದೆ. ಪಕ್ಕದಲ್ಲಿ ಟಾರ್ಪಾಲಿನ ತುದಿಯನ್ನು ಮೊಣಕಾಲಿನಡಿ ಒತ್ತಿ ಹಿಡಿದು ಕೂತಿರುವ ತಂಗಿ ತೀರ್ಥಮ್ಮನ ಕಡೆ ಒಮ್ಮೆ ನೋಡುತ್ತಾರೆ. ತೀರ್ಥಮ್ಮನ ಬಲಗೈಯ ಎರಡು ಬೆರಳು ಮಡಚುವುದಿಲ್ಲ.

ಆ ಹುಡ್ ಹೊಲಿಸಿಕೊಂಡವನ ಹೆಸರು ಬರೆಯಬೇಡಿ ಎಂದು ಭಾಗಮ್ಮ ಕೈಮುಗಿದು ಕೇಳಿಕೊಂಡಿದ್ದಾರೆ. ಆದ್ದರಿಂದ ಅವನನ್ನು ಗಾಡಿಯವನು ಅಂತಲೇ ಕರೆಯೋಣ. ಏನು ಹೇರ್ತೀಯ ಎಂದು ಎಲ್ಲರನ್ನೂ ಕೇಳುವಂತೆ ಅವನನ್ನೂ ಕೇಳಿದ್ದರು. ಅವನು ಅತ್ತಿತ್ತ ನೋಡಿ, "ಹೆಣ್ಣಾಳು," ಅಂದಿದ್ದ. ತರೀಕೆರೆ ಕಡೆಯ ಶುಂಠಿ ಹೊಲಗಳಿಗೆ ಬೆಳಗಾಗುವ ಮುಂಚೆ ಇಲ್ಲಿಂದ ಹೆಂಗಸರನ್ನು ತುಂಬಿಕೊಂಡು ಹೋಗಬೇಕು, ಸಂಜೆ ತಂದಿಳಿಸಬೇಕು. ಸರಕಿನ ಗಾಡಿಯಲ್ಲಿ ಜನರನ್ನು ತುಂಬುವ ಹಾಗಿಲ್ಲ. ಇದು ಅವನಿಗೂ ಗೊತ್ತು, ಹತ್ತುವವರಿಗೂ ಗೊತ್ತು, ಹೊಲಿಯುವವರಿಗೂ ಗೊತ್ತು. ಹಾಗಂತ ಆ ಹೊತ್ತಿನಲ್ಲಿ ಶುಂಠಿ ಹೊಲಕ್ಕೆ ಬಸ್ಸು ಬಿಡುವವರು ಯಾರಿದ್ದಾರೆ? ಆಗ ಕೂಲಿಗೆ ಹೋಗುತ್ತಿದ್ದವರಲ್ಲಿ ತೀರ್ಥಮ್ಮನೂ ಒಬ್ಬರು.

ತಂಗಿ ಕೂರುವ ಗಾಡಿ ಅಂತ ಭಾಗಮ್ಮ ಮನಸ್ಸಿಟ್ಟು ಹೊಲಿದರು. ಎರಡೂ ಮಗ್ಗುಲಿಗೆ ಬಲೆಯ ಕಿಟಕಿ ಇಟ್ಟರು, ಮಳೆ ಬಂದರೆ ಇಳಿಬಿಡಲು ಅದಕ್ಕೊಂದು ಮುಚ್ಚಳ ಇಟ್ಟರು. ಕಿಟಕಿ ಹತ್ತಿರ ಕೂರಲು ಹೆಂಗಸರಲ್ಲಿ ದಿನಾ ಜಗಳವಾಗುತ್ತಿತ್ತಂತೆ. "ನಾನ್ ಹೊಲ್ದ ಕಿಟಕೀಗೆ ಜಗಳ ಅಂದ್ರೆ ನಂಗೆ ಒಳಗೊಳಗೇ ಖುಷಿ ಕಣ್ರೀ," ಅಂತ ಭಾಗಮ್ಮ ಒಪ್ಪಿಕೊಳ್ಳುತ್ತಾರೆ.

ಆ ಖುಷಿ ಹೆಚ್ಚು ದಿನ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ದಾರಿಯಲ್ಲಿ ತಪಾಸಣೆಯವರಿಗೆ ಬಲೆಯ ಹಿಂದೆ ಸೀರೆಯ ಸೆರಗು ಕಂಡುಬಿಟ್ಟಿತು. ಗಾಡಿ ನಿಂತಿತು, ಎಲ್ಲರನ್ನೂ ಇಳಿಸಿದರು, ಅವತ್ತಿನ ಕೂಲಿ ಹೋಯಿತು. ಮಾರನೇ ವಾರ ಮತ್ತೆ ಅದೇ ಕತೆ. ಗಾಡಿಯವನು ಕಿಟಕಿ ಮುಚ್ಚು ಅಂತ ಬಂದ. ಭಾಗಮ್ಮ ಆಗಲ್ಲ ಅಂದರು. ಅವನು ಜೋರು ಮಾಡಿದ, ಇವರೂ ಜೋರು ಮಾಡಿದರು. ಅವನಿಗೆ ಆಗಲ್ಲ ಅನ್ನುವುದು ಸುಲಭವಿತ್ತು. ಆದರೆ ಆ ಸಂಜೆ ಹೆಂಗಸರೇ ಗುಂಪಾಗಿ ಕಟ್ಟೆಯ ಮುಂದೆ ಬಂದು ನಿಂತರು. ಎಲ್ಲರಿಗಿಂತ ಹಿರಿಯಳಾದ ಕೆಂಚಮ್ಮ ಮುಂದಿದ್ದಳು, ಕೊನೆಯಲ್ಲಿ ತಲೆ ತಗ್ಗಿಸಿಕೊಂಡು ತೀರ್ಥಮ್ಮ.

"ಹೊಲ್ದ್ಬಿಡು ಭಾಗಮ್ಮ," ಅಂದಳು ಕೆಂಚಮ್ಮ. "ಗಾಳಿ ಇಲ್ದಿದ್ರೆ ಒಂದ್ಗಳಿಗೆ ತಡ್ಕೋತೀವಿ. ಕೂಲಿ ಇಲ್ದಿದ್ರೆ ತಡ್ಕೊಳ್ಳಾಕಾಗಲ್ಲ."

"ನಿಮ್ಗೇನ್ ತಲೆ ಕೆಟ್ಟೈತಾ? ಕುರಿ ತುಂಬೋ ಗಾಡೀಗೂ ನಾನ್ ಬಲೆ ಹಾಕ್ತೀನಿ!"

"ಕುರೀನ ಯಾರೂ ಹಿಡಿಯಾಕಿಲ್ವಲ್ಲವ್ವ," ಅಂದಳು ಕೆಂಚಮ್ಮ.

ಭಾಗಮ್ಮ ತಂಗಿಯನ್ನು ಪಕ್ಕಕ್ಕೆ ಕರೆದು, ನೀನಾದರೂ ಹೇಳೇ ಅಂದರು. ತೀರ್ಥಮ್ಮ, "ಮುಚ್ಚಕ್ಕ, ನಮ್ಮ ಪಾಡು ನಮ್ಗೆ ಗೊತ್ತು," ಅಂದರು. ಮರುದಿನ ಗಾಡಿ ಬಂತು. ತಾವೇ ಇಟ್ಟ ಕಿಟಕಿಗಳ ಮೇಲೆ ಭಾಗಮ್ಮ ದಪ್ಪ ಬಟ್ಟೆ ಹೊಲಿದರು. ಹೊಲಿಯುತ್ತ ಗಾಡಿಯವನ ಏಳು ತಲೆಮಾರಿಗೆ ಶಾಪ ಹಾಕಿದರು, ಅದರಲ್ಲಿ ಅರ್ಧ ತಮಗೇ ಹಾಕಿಕೊಂಡರು.

ಇನ್ನುಳಿದದ್ದು ಹಿಂದಿನ ಪರದೆಯ ಚಿಂತೆ. ಅದನ್ನು ಗಾಡಿಯವನು ಹೊರಗಿನಿಂದ ಹಗ್ಗ ಬಿಗಿದು ಕಟ್ಟುತ್ತಿದ್ದ. ಒಳಗಿದ್ದವರು ಬಿಚ್ಚುವ ಹಾಗಿಲ್ಲ. ಏನಾದರೂ ಆದರೆ ಇವರು ಹೇಗೆ ಹೊರಬರಬೇಕು? ಭಾಗಮ್ಮನಿಗೊಂದು ಉಪಾಯ ಹೊಳೆಯಿತು, ಅದೂ ಗಂಡನ ಕೈಮಿಷನ್ನು ನೋಡಿ. ಅಕ್ಕಿ ಚೀಲದ ಬಾಯಿಯ ಹೊಲಿಗೆ ಯಾರಿಗೆ ಗೊತ್ತಿಲ್ಲ! ಸರಿಯಾದ ತುದಿಯ ದಾರ ಹಿಡಿದು ಎಳೆದರೆ ಇಡೀ ಹೊಲಿಗೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಇನ್ನೊಂದು ತುದಿ ಹಿಡಿದು ಎಳೆದರೆ ಬಿಗಿಯುತ್ತದೆಯೇ ಹೊರತು ಒಂದು ಗಂಟೂ ಸಡಿಲವಾಗುವುದಿಲ್ಲ. ಭಾಗಮ್ಮ ಪರದೆಯಲ್ಲಿ ಅಡ್ಡಕ್ಕೆ ಒಬ್ಬರು ನುಸುಳುವಷ್ಟು ಸೀಳಿ, ಆ ಸೀಳನ್ನು ಚೀಲದ ಹೊಲಿಗೆಯಿಂದ ಮುಚ್ಚಿದರು. ಹೊರಗಿನಿಂದ ನೋಡಿದರೆ ಮಾಮೂಲಿ ಜೋಡಣೆ. ದಾರದ ಎರಡು ತುದಿಗಳನ್ನೂ ಒಳಕ್ಕೆ ಇಳಿಬಿಟ್ಟರು. ಗಾಡಿಯವನಿಗೆ ಹೇಳಲಿಲ್ಲ. ತಂಗಿಗೆ ಮಾತ್ರ ಗುಟ್ಟಾಗಿ ಹೇಳಿದರು: "ಏನಾರ ಆದ್ರೆ ಬಲಗಡೆ ದಾರ ಎಳಿಯೇ. ಎಡಗಡೇದು ಮುಟ್ಬ್ಯಾಡ, ಬಿಗ್ದ್ಕೊಂಬುಡ್ತೈತೆ."

ಅದು ನಡೆದದ್ದು ಮಂಜು ಮುಸುಕಿದ ಒಂದು ಬೆಳಿಗ್ಗೆ, ತರೀಕೆರೆ ಇನ್ನೂ ದೂರವಿರುವಾಗ. ಗಾಡಿ ರಸ್ತೆ ಬಿಟ್ಟಿಳಿದು ಮೂತಿ ಕೆಳಗಾಗಿ ಚರಂಡಿಗೆ ಕೂತಿತು. ಒಳಗಿದ್ದ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಮುಂದಕ್ಕೆ ಬಿದ್ದರು. ಇಂಜಿನ್ನಿನಿಂದ ಸುಟ್ಟ ವಾಸನೆ, ಹಿಂದೆಯೇ ಹೊಗೆ. ಗಾಡಿಯವನು ಇಳಿದು ಓಡಿದ. ಹಗ್ಗ ಬಿಚ್ಚಿ ಓಡಬಹುದಿತ್ತು, ಬಿಚ್ಚದೆ ಹಾಗೇ ಓಡಿದ. ಗುದ್ದಲಿ, ಕುಡುಗೋಲುಗಳೆಲ್ಲ ಮುಂದಿನ ಕ್ಯಾಬಿನ್ನಿನಲ್ಲಿ ಇದ್ದವು. ಹಿಂದೆ ಇಟ್ಟರೆ ಟಾರ್ಪಾಲು ಹರಿಯುತ್ತದೆ ಅಂತ ಅವನ ಕಟ್ಟಪ್ಪಣೆ ಇತ್ತು.

ಕತ್ತಲಲ್ಲಿ ತೀರ್ಥಮ್ಮ ಹಿಂದಕ್ಕೆ ತೆವಳಿದರು. ಬಲಗಡೆಯ ದಾರ ಸಿಕ್ಕಿತು. ಎಳೆದರು, ಬರಲಿಲ್ಲ. ಬೆರಳಿಗೆ ಸುತ್ತಿಕೊಂಡು ಎಳೆದರು. ನೈಲಾನ್ ದಾರ ಬೆರಳಿಗಿಳಿಯಿತು, ಆದರೂ ಎಳೆದರು. ಹಿಂದೆ ಕೆಮ್ಮು, ಅಳು, ಕೂಗು. ಹಾಲಿನ ಗಾಡಿಯವರು ಯಾರೋ ಪುಣ್ಯಾತ್ಮರು ಹಿಂದಿನಿಂದ ಬಂದವರು ಕೂಗು ಕೇಳಿ ನಿಲ್ಲಿಸಿ, ಹಗ್ಗ ಕೊಯ್ದು ಪರದೆ ಎತ್ತಿದಾಗ ಎಲ್ಲರೂ ಬದುಕಿದ್ದರು. ತೀರ್ಥಮ್ಮನ ಕೈಯಿಂದ ದಾರವನ್ನು ಬಿಡಿಸಬೇಕಾಯಿತು.

ಆಸ್ಪತ್ರೆಯಲ್ಲಿ ತಂಗಿ, "ಬಲಗಡೇದೇ ಎಳ್ದೆ ಕಣಕ್ಕ," ಅಂದಾಗ ಭಾಗಮ್ಮನಿಗೆ ನಂಬಿಕೆ ಬರಲಿಲ್ಲ. ಗಾಬರಿಯಲ್ಲಿ ಎಡಗಡೆಯದು ಎಳೆದಿರುತ್ತಾಳೆ ಅಂದುಕೊಂಡರು. ಗಾಡಿಯನ್ನು ಎಳೆತಂದು ನಿಲ್ಲಿಸಿದ್ದ ಗ್ಯಾರೇಜಿಗೆ ಹೋದರು. ಹಿಂದೆ ನಿಂತು ನೋಡಿದರು, ಹೊಲಿಗೆ ಹಾಗೇ ಇತ್ತು. ಬಿಚ್ಚುವ ತುದಿ ತಾವು ಬಿಟ್ಟ ಕಡೆಯೇ, ತಮ್ಮ ಬಲಗೈ ಕಡೆಯೇ ಇತ್ತು. ಆಮೇಲೆ ಪರದೆ ಎತ್ತಿ ಮೊದಲ ಸಲ ಒಳಗೆ ಹತ್ತಿದರು. ತಂಗಿ ಕೂತಿದ್ದ ಜಾಗದಲ್ಲಿ ಪರದೆ ಇಳಿಬಿಟ್ಟು, ಹೊರಕ್ಕೆ ಮುಖ ಮಾಡಿ ಕೂತರು. ಬಲಗೈ ಚಾಚಿದರು. ಕೈಗೆ ಸಿಕ್ಕಿದ್ದು ರಕ್ತ ಹೆಪ್ಪುಗಟ್ಟಿದ ದಾರ. ಬಿಚ್ಚುವ ದಾರ ಎಡಗಡೆಗೆ ತೂಗುತ್ತಿತ್ತು.

"ಹೊರಗೆ ನಿಂತು ಹೊಲ್ದೆ, ಹೊರಗೆ ನಿಂತೇ ಬಲಗಡೆ ಅಂದೆ," ಅನ್ನುತ್ತಾರೆ ಭಾಗಮ್ಮ. "ಒಳಗೆ ಕೂತೋರ್ಗೆ ಅದು ಎಡಗಡೆ ಆಯ್ತದೆ ಅಂತ ಈ ಹಾಳಾದ್ ತಲೇಗೆ ಹೊಳೀಲಿಲ್ಲ. ಇಷ್ಟ್ ವರ್ಷ ಹೊಲ್ದಿದ್ದೀನಿ, ಒಂದಿನ ಒಳಗೆ ಕೂತಿದ್ನಾ? ಇಲ್ಲ. ನಾನ್ ಹೊಲ್ದಿದ್ರೊಳಗೆ ನಾನ್ ಕೂರಾಕಿಲ್ವಲ್ಲ."

ಎಡಗಡೆಯ ದಾರವನ್ನು ಒಂದೇ ಬೆರಳಲ್ಲಿ ಎಳೆದರಂತೆ. ಸರ್ರನೆ ಬಿಚ್ಚಿಕೊಂಡು ಬೆಳಕು ಮುಖಕ್ಕೆ ಹೊಡೆಯಿತು. ಅಲ್ಲೇ ಕೂತು ಗೊಳೋ ಅಂತ ಅತ್ತರು. ಗ್ಯಾರೇಜಿನವರು ಬಂದು ಕೆಳಗಿಳಿಸಿದರು.

ಇನ್ನು ಕಾಗದದ ಮೇಲೆ ಈ ಕತೆ ಹೇಗಿದೆ ಗೊತ್ತೇ? ಅವತ್ತು ಆ ಗಾಡಿಯಲ್ಲಿ ಯಾರೂ ಇರಲಿಲ್ಲ. ಹೆಂಗಸರು ಕೆಲಸಕ್ಕೆ ನಡೆದು ಹೋಗುತ್ತಿದ್ದರು, ಗಾಡಿ ಬಿದ್ದದ್ದು ಕಂಡು ಹತ್ತಿರ ಬಂದರು ಅಷ್ಟೆ. ತೀರ್ಥಮ್ಮನ ಬೆರಳು ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿ ಕತ್ತರಿಸಿದ್ದು. ಇದನ್ನು ಗಾಡಿಯವನು ಬಾಯಿಪಾಠ ಮಾಡಿಸಿದ್ದು ನಿಜ, ಆದರೆ ಹೆಂಗಸರೇ ಹಾಗೆ ಹೇಳಿದ್ದೂ ಅಷ್ಟೇ ನಿಜ. ಇದ್ದೆವು ಅಂದರೆ ಗಾಡಿ ನಿಲ್ಲುತ್ತದೆ, ಗಾಡಿ ನಿಂತರೆ ಕೆಲಸ ನಿಲ್ಲುತ್ತದೆ. ಡಾಕ್ಟರು ಗಾಯ ನೋಡಿ, ಇದು ಕುಡುಗೋಲಿನದಲ್ಲವಲ್ಲಮ್ಮ ಅಂದರಂತೆ. ತೀರ್ಥಮ್ಮ, ಕುಡುಗೋಲಿಂದೇ ಸಾರ್ ಅಂದರು. ಪಕ್ಕದಲ್ಲಿ ನಿಂತಿದ್ದ ಭಾಗಮ್ಮನೂ ಹೌದು ಅಂದರು.

ಆಮೇಲೆ ಭಾಗಮ್ಮ ಹುಡ್ ಹೊಲಿಯುವುದಿಲ್ಲ ಅಂತ ಶಪಥ ಮಾಡಿದರು. ಶಪಥದಿಂದ ಏನಾಯಿತು? ಏನೂ ಆಗಲಿಲ್ಲ. ಗಾಡಿಯವನು ಕಡೂರಿಗೆ ಹೋಗಿ ಬೇರೆಯವರ ಕೈಯಲ್ಲಿ ಹೊಸ ಹುಡ್ ಹೊಲಿಸಿಕೊಂಡು ಬಂದ. ಅದಕ್ಕೂ ಕಿಟಕಿ ಇಲ್ಲ. ಒಳಗಿನಿಂದ ಎಳೆಯಲು ಎಡಗಡೆ ಬಲಗಡೆ ಯಾವ ದಾರವೂ ಇಲ್ಲ. ಈ ಲೇಖನ ನೀವು ಓದುವ ಬೆಳಿಗ್ಗೆಯೂ ಅದು ಇದೇ ಕಟ್ಟೆಯ ಮುಂದಿನಿಂದ ಹಾದುಹೋಗಿರುತ್ತದೆ, ಕೆಂಚಮ್ಮ ಅದರೊಳಗೆ ಇರುತ್ತಾಳೆ. ಅದರ ಸದ್ದು ಕೇಳಿದಾಗಲೆಲ್ಲ ಭಾಗಮ್ಮ ತಲೆ ಎತ್ತದೆ ಹೊಲಿಯುತ್ತಾರೆ. "ನಾನ್ ಹೊಲೀದಿದ್ರೆ ನಿಂತೋಯ್ತದೆ ಅನ್ಕಂಡಿದ್ದೆ," ಅನ್ನುತ್ತಾರೆ. "ನಿಲ್ಲಲಿಲ್ಲ. ನನ್ ಕೈ ತೊಳ್ಕಂಡಂಗಾಯ್ತು ಅಷ್ಟೇಯ."

ತೀರ್ಥಮ್ಮನಿಗೆ ಈಗ ಶುಂಠಿ ಕೀಳಲು ಆಗುವುದಿಲ್ಲ. ಅಕ್ಕನ ಪಕ್ಕ ಕೂತು ಬಟ್ಟೆ ಹಿಡಿಯುತ್ತಾರೆ, ಹಗ್ಗ ಸುತ್ತುತ್ತಾರೆ, ಚಾ ತರುತ್ತಾರೆ. ಹೊಲಿಗೆ ಕಲಿಯಲು ಬೆರಳು ಮಡಚುವುದಿಲ್ಲ. ಮಾತೂ ಅಷ್ಟಕ್ಕಷ್ಟೆ. ಗಿರಿಯಪ್ಪ ಆಗಾಗ ಏನಾದರೂ ಹೇಳಿ ನಗಿಸಲು ನೋಡುತ್ತಾರೆ, ಇಬ್ಬರೂ ನಗುವುದಿಲ್ಲ.

ಇಂಥವರ ಬಗ್ಗೆ ಬರೆಯುವಾಗ ಕಡೆಗೆ ಕೇಳುವ ಪ್ರಶ್ನೆ ಒಂದಿದೆ: ನಿಮಗೇನು ಆಸೆ? ಶೆಡ್ಡು ಬೇಕು, ಹೊಸ ಮಿಷನ್ನು ಬೇಕು ಅನ್ನಬಹುದು ಅಂತ ಎದುರಿಗೆ ಕೂತವರ ಎಣಿಕೆ. ಭಾಗಮ್ಮ ದಾರವನ್ನು ಹಲ್ಲಿನಿಂದ ಕಡಿದು ಉಗುಳುತ್ತಾರೆ.

"ಇವ್ಳು ನಂಗೆ ಒಂದ್ಸಲ ಬಾಯ್ತುಂಬ ಬೈದ್ಬಿಡ್ಲಿ, ಅಷ್ಟೇ ಆಸೆ. ಇಷ್ಟ್ ದಿನ ಆಯ್ತು, ಒಂದ್ ಮಾತು ಅಂದಿಲ್ಲ. ಕರೆದ್ರೆ ಬತ್ತಾಳೆ, ಇಕ್ಕಿದ್ರೆ ಉಣ್ತಾಳೆ. 'ನಿನ್ ಮಾತ್ ಕೇಳಿ ನನ್ ಕೈ ಹೋಯ್ತು ಕಣೇ' ಅಂತ ಒಂದ್ಸಲ ಅನ್ನು ತೀರ್ಥ. ಅಂದ್ಬಿಡು. ನಂಗೂ ರಾತ್ರಿ ನಿದ್ದೆ ಬರ್ಲಿ."

ತೀರ್ಥಮ್ಮ ಮೊಣಕಾಲಿನಡಿಯ ಟಾರ್ಪಾಲನ್ನು ಸರಿಮಾಡಿಕೊಳ್ಳುತ್ತಾರೆ. ಆಮೇಲೆ ಅಕ್ಕನ ಮುಖ ನೋಡದೆ ಹೇಳುತ್ತಾರೆ.

"ಅವತ್ತು ಒಳಗೆ ಕೆಂಚಮ್ಮಕ್ಕನ ಕೈಗೆ ಎಡಗಡೆ ದಾರ ಸಿಕ್ಕಿತ್ತು ಕಣಕ್ಕ. ಎಳೀತೀನಿ ಬಿಡೇ ಅಂದ್ಲು. ನಾನೇ ಅವಳ್ ಕೈ ಕಿತ್ತಾಕ್ದೆ. ಮತ್ತೆ ಹಿಡ್ಕಂಡ್ಳು ಅಂತ ಕಚ್ಚಿದೆ. ನಮ್ಮಕ್ಕ ಬಲಗಡೆ ಅಂದವ್ಳೆ, ನಮ್ಮಕ್ಕ ಹೇಳಿದ್ದು ತಪ್ಪಾಗಾಕಿಲ್ಲ, ಮುಟ್ಬ್ಯಾಡ ಅಂದೆ."

ಭಾಗಮ್ಮ ಇದನ್ನು ಕೇಳುತ್ತಿರುವುದು ಇದೇ ಮೊದಲು. ದಬ್ಬಣ ಬಟ್ಟೆಯಲ್ಲಿ ಅರ್ಧಕ್ಕೇ ನಿಂತಿದೆ.

"ಈಗ ನೀನೇ ಹೇಳಕ್ಕ," ಅನ್ನುತ್ತಾರೆ ತೀರ್ಥಮ್ಮ. "ನಾನು ಯಾರ್ನ ಬೈಯ್ಲಿ?"